ಪದ ಊರಿನದು, ದನಿ ಹಾಡಿದವರದು

ಕಲಾವಿದ ಬಂಧುಗಳೇ, ಜಾತ್ರೆಗೆ ಬಂದಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಿರುವ ಹುಡುಗರೇ,

ಈ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವ ಮೊದಲು ಪೂರ್ತಿ ಓದಿ. ಪಕ್ಕದಲ್ಲಿ ಓದಲು ಬಾರದವರಿದ್ದರೆ ಗಟ್ಟಿಯಾಗಿ ಓದಿ ಹೇಳಿ.

ಕಂಸಾಳೆಯವರು, ತಂಬೂರಿ ಪದದ ನೀಲಗಾರರು, ಚೌಡಿಕೆಯವರು, ಗೊಂದಲಿಗರು, ಗೀಗಿ ಮೇಳದವರು, ಭಜನೆ ಮತ್ತು ತತ್ವಪದ ಹೇಳುವವರು, ಸೋಬಾನೆ ಹಾಡುವ ತಾಯಂದಿರು, ಯಕ್ಷಗಾನದ ಭಾಗವತರು, ಮದ್ದಳೆ ಚೆಂಡೆಯವರು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸ್ಟುಡಿಯೊಗಳಲ್ಲಿ ಹೊಸ ಜಾನಪದ ಹಾಡು ಬರೆದು ಹಾಡುವ ಹುಡುಗ ಹುಡುಗಿಯರು, ಈ ಮಾತು ನಿಮ್ಮೆಲ್ಲರಿಗೆ. ನಿಮ್ಮ ದನಿಯ ಮೇಲೆ ನಿಮಗೆ ಕಾನೂನಿನ ಹಕ್ಕಿದೆ. ಯಾರೋ ಖುಷಿಯಾಗಿ ಕೈಗಿಡುವ ವೀಳ್ಯವಲ್ಲ ಅದು, ಪಾರ್ಲಿಮೆಂಟು ಬರೆದುಕೊಟ್ಟ ಹಕ್ಕು. ಆ ಹಕ್ಕನ್ನು ನಮ್ಮವರು ನೂರಾರು ಜನ ಓದದೆ, ಕೇಳದೆ, ಒಂದು ಹೆಬ್ಬೆಟ್ಟಿಗೆ ಬಿಟ್ಟುಕೊಡುತ್ತಿದ್ದಾರೆ. ಇದು ನಿಲ್ಲಬೇಕು.

ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ. ಮಲೆ ಮಾದೇಶ್ವರನ ಕಾವ್ಯ ಯಾರ ಸ್ವತ್ತೂ ಅಲ್ಲ. ಮಂಟೇಸ್ವಾಮಿ ಕಾವ್ಯ, ಜುಂಜಪ್ಪನ ಕಥೆ, ಎಲ್ಲಮ್ಮನ ಪದ, ಬೀಸುವಾಗ ಕುಟ್ಟುವಾಗ ಹೇಳುವ ಪದ, ಯಾವುದಕ್ಕೂ ಖಾತೆ ಪಹಣಿ ಇಲ್ಲ. ಯಾರು ಬೇಕಾದರೂ ಕಲಿಯಬಹುದು, ಹಾಡಬಹುದು, ಮುಂದಿನವರಿಗೆ ಹೇಳಿಕೊಡಬಹುದು. ಅದು ಹಾಗೆಯೇ ಇರಬೇಕು ಎಂಬುದೇ ನಮ್ಮ ಆಸೆ. ನಾವು ಕೇಳುತ್ತಿರುವುದು ಪದದ ಒಡೆತನವನ್ನಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಆ ಪದವನ್ನು ಹಾಡಿದ ಗಂಟಲಿನ ಹಕ್ಕನ್ನು.

"ಜಾನಪದ ಹಾಡಿಗೆ ಕಾಪಿರೈಟ್ ಇಲ್ಲ ಬಿಡ್ರಿ" ಎಂದು ಚಾನೆಲ್‌ನವರು ಹೇಳುತ್ತಾರೆ. ಅರ್ಧ ನಿಜ ಹೇಳಿ ಅರ್ಧ ಮುಚ್ಚಿಡುವ ಮಾತು ಇದು. ಹಾಡಿಗೆ ಇಲ್ಲ, ಸರಿ. ಹಾಡಿದವರಿಗೆ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿಯಾಗಿ, 1995ರ ಮೇ 10ರಿಂದ ಪ್ರದರ್ಶಕರ ಹಕ್ಕು ಎಂಬುದು ನಮ್ಮ ದೇಶದಲ್ಲಿ ಜಾರಿಗೆ ಬಂತು. 2012ರ ಜೂನ್ 21ರಿಂದ ಇನ್ನಷ್ಟು ಗಟ್ಟಿಯಾಯಿತು. ಪ್ರದರ್ಶಕರೆಂದರೆ ಯಾರು ಎಂದು ಕಾಯಿದೆಯೇ ಹೆಸರಿಟ್ಟು ಹೇಳುತ್ತದೆ: ನಟರು, ಗಾಯಕರು, ವಾದ್ಯ ನುಡಿಸುವವರು, ಕುಣಿಯುವವರು, ದೊಂಬರಾಟದವರು, ಕೈಚಳಕದವರು, ಜಾದೂಗಾರರು, ಹಾವಾಡಿಗರು, ಉಪನ್ಯಾಸ ಮಾಡುವವರು ಮತ್ತು ಪ್ರದರ್ಶನ ಕೊಡುವ ಬೇರೆ ಯಾರೇ ಆಗಲಿ. ಹಾವಾಡಿಗರನ್ನೂ ಹೆಸರು ಹಿಡಿದು ಕರೆದ ಕಾನೂನು ತಂಬೂರಿ ಹಿಡಿದವರನ್ನು ಹೊರಗಿಡುತ್ತದೆಯೇ? ಅಷ್ಟೂ ಸಾಲದಿದ್ದರೆ ಇನ್ನೊಂದು ಕೇಳಿ. 1996ರಲ್ಲಿ ಜಿನೀವಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೊಂದು ಜಾನಪದವನ್ನು ಹಾಡುವ, ಆಡುವ ಜನರೂ ಪ್ರದರ್ಶಕರೇ ಎಂದು ಬಿಡಿಸಿ ಬರೆದಿದೆ. 2018ರ ಡಿಸೆಂಬರ್ 25ರಿಂದ ಭಾರತವೂ ಆ ಒಪ್ಪಂದದಲ್ಲಿ ಸೇರಿದೆ.

ಹಕ್ಕು ಎಂದರೆ ಏನು? ನಿಮ್ಮ ಹಾಡಿಕೆಯನ್ನು ರೆಕಾರ್ಡ್ ಮಾಡಲು, ಆ ರೆಕಾರ್ಡನ್ನು ಪ್ರತಿ ಮಾಡಲು, ಮಾರಲು, ನೆಟ್‌ಗೆ ಹಾಕಲು, ಟಿವಿ ರೇಡಿಯೊದಲ್ಲಿ ಪ್ರಸಾರ ಮಾಡಲು ನಿಮ್ಮ ಒಪ್ಪಿಗೆ ಬೇಕು. ನೀವು ಹಾಡಿದ ಮರುವರ್ಷದ ಜನವರಿ 1ರಿಂದ ಲೆಕ್ಕ ಹಿಡಿದು 50 ವರ್ಷ ಈ ಹಕ್ಕು ಇರುತ್ತದೆ. 2015ರಲ್ಲಿ ಹಾಡಿದ್ದರೆ 2065ರ ಕೊನೆಯವರೆಗೆ. ನೀವಿಲ್ಲದ ಮೇಲೂ ಉಳಿದ ವರ್ಷಗಳಲ್ಲಿ ನಿಮ್ಮ ಮಕ್ಕಳು, ಮೊಮ್ಮಕ್ಕಳು ಕೇಳಬಹುದು. ಅಂಕೋಲೆ ಸೀಮೆಯ ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದ ನಮ್ಮ ಸುಕ್ರಜ್ಜಿ, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಥವರ ದನಿ ನೆಟ್‌ನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದು ದಾರಿಯಲ್ಲಿ ಬಿದ್ದ ವಸ್ತುವಲ್ಲ.

ಇದರ ಮೇಲೆ ಇನ್ನೆರಡು ಹಕ್ಕುಗಳಿವೆ. ಹಾಡಿದವರು ಇಂಥವರು ಎಂದು ಹೆಸರು ಹಾಕಬೇಕು. ನಿಮ್ಮ ಹಾಡಿಕೆಯನ್ನು ತಿರುಚಿ, ವಿರೂಪ ಮಾಡಿ, ನಿಮ್ಮ ಮಾನಕ್ಕೆ ಕುಂದು ತರಬಾರದು. ದೇವರ ಪದಕ್ಕೆ ಅಶ್ಲೀಲ ದೃಶ್ಯ ಜೋಡಿಸಿ ರೀಲ್ಸ್ ಬಿಟ್ಟರೆ ಕೇಳಲು ನಿಮಗೆ ಹಕ್ಕಿದೆ. ಹಣ ಪಡೆದಿದ್ದೀರಿ, ಸಹಿ ಹಾಕಿದ್ದೀರಿ ಎಂಬ ಮಾತಿನಿಂದ ಈ ಎರಡು ಹಕ್ಕು ಹೋಗುವುದಿಲ್ಲ.

ಹಾಗೆಂದು ಮೊಬೈಲ್ ಎತ್ತಿದವರ ಮೇಲೆಲ್ಲ ಹರಿಹಾಯಬೇಡಿ. ಮನೆಯಲ್ಲಿ ಕೂತು ಕೇಳುವುದಕ್ಕೆ ರೆಕಾರ್ಡ್ ಮಾಡಿಕೊಂಡರೆ ತಪ್ಪಲ್ಲ. ಪಾಠಕ್ಕೆ, ಸಂಶೋಧನೆಗೆ ಮಾತ್ರ ಮಾಡಿಕೊಂಡರೆ ತಪ್ಪಲ್ಲ. ಸುದ್ದಿಗಾಗಿ ಒಂದು ತುಣುಕು ತೋರಿಸಿದರೂ ತಪ್ಪಲ್ಲ. ಇದನ್ನೆಲ್ಲ ಕಾಯಿದೆಯೇ ಬಿಟ್ಟುಕೊಟ್ಟಿದೆ, ಬಿಟ್ಟುಕೊಟ್ಟಿದ್ದು ನ್ಯಾಯವೂ ಹೌದು. ನಮ್ಮ ತಕರಾರು ಬೇರೆ. ನಿಮ್ಮ ಹಾಡನ್ನು ಚಾನೆಲ್‌ಗೆ ಹಾಕಿ, ಜಾಹೀರಾತು ಓಡಿಸಿ, ತಿಂಗಳು ತಿಂಗಳು ದುಡ್ಡು ಎಣಿಸುತ್ತಾ, ನಿಮ್ಮ ಹೆಸರನ್ನೂ ಹಾಕದವರ ಜೊತೆ ನಮ್ಮ ತಕರಾರು.

ಒಂದು ಕರಾರು ಪತ್ರದ ಕಥೆ

ನಾನು ತಾಲೂಕು ಕಚೇರಿ ಎದುರು ಅರ್ಜಿ, ಕರಾರು ಟೈಪು ಮಾಡಿಕೊಡುವವನು. ನಮ್ಮ ದೊಡ್ಡಪ್ಪ ತಂಬೂರಿ ಪದದವರು. ಒಂದು ದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ತಂದು ಮೇಜಿನ ಮೇಲಿಟ್ಟು, "ಏನ್ ಬರ್ದವ್ರೆ ಮಗಾ, ವಸಿ ಓದು" ಎಂದರು. ನೂರು ರೂಪಾಯಿಯ ಬಾಂಡ್ ಪೇಪರು, ಹಿಂದೆ ಎರಡು ಹಾಳೆ, ಪೂರ್ತಿ ಇಂಗ್ಲಿಷು. ಮೂರು ಹಾಳೆಗೂ ಕೆಳಗಡೆ ದೊಡ್ಡಪ್ಪನ ಹೆಬ್ಬೆಟ್ಟು.

"ಓದುಸ್ದೆ ಹೆಬ್ಬೆಟ್ ಯಾಕ್ ಒತ್ತುದ್ರಿ ದೊಡ್ಡಪ್ಪ?"

"ಐದ್ ಸಾವ್ರ ಕೊಟ್ರು ಕಲಾ. ಚೆನ್ನಾಗ್ ಮಾತಾಡ್ಸುದ್ರು. ಊಟ ಹಾಕ್ಸುದ್ರು. ಇನ್ನೇನ್ ಕೇಳಾದು?"

ಓದಿ ಹೇಳಿದೆ. ನಾನು ಈವರೆಗೆ ಹಾಡಿರುವ ಮತ್ತು ಮುಂದೆ ಹಾಡಲಿರುವ ಎಲ್ಲ ಪದಗಳ ಧ್ವನಿ, ದೃಶ್ಯ ಹಕ್ಕುಗಳನ್ನು ಇಡೀ ವಿಶ್ವದಲ್ಲಿ, ಎಂದೆಂದಿಗೂ, ಈಗಿರುವ ಮತ್ತು ಮುಂದೆ ಹುಟ್ಟಲಿರುವ ಎಲ್ಲ ಮಾಧ್ಯಮಗಳಿಗೂ ಸೇರಿ ವರ್ಗಾಯಿಸಿದ್ದೇನೆ, ಇನ್ನು ಮುಂದೆ ಯಾವ ಹಣವನ್ನೂ ಕೇಳುವುದಿಲ್ಲ, ಎಂದಿತ್ತು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದ್ಕ್ ಹಾಡಾದೂ ಅವ್ರುದೇಯಾ?" ಎಂದು ಕೇಳಿದರು. ಮುಂದೆ ಅವರ ಮೊಮ್ಮಗ ಮನೆಯ ಜಗಲಿಯಲ್ಲಿ ತಾತ ಹಾಡಿದ್ದನ್ನು ಮೊಬೈಲ್‌ನಲ್ಲಿ ಹಿಡಿದು ತನ್ನ ಯೂಟ್ಯೂಬ್‌ಗೆ ಹಾಕಿದಾಗ ಅದರ ಮೇಲೆ ಈ ಕರಾರು ಬರೆಸಿಕೊಂಡಿದ್ದ ಚಾನೆಲ್‌ನವರ ಕ್ಲೇಮು ಬಂತು. ತಾತ ಹಾಡಿದ್ದು, ಮೊಮ್ಮಗ ಹಿಡಿದದ್ದು, ದುಡ್ಡು ಮಾತ್ರ ಮೂರನೆಯವರಿಗೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ನನ್ನ ಮೇಜಿಗೆ ಇಂಥ ಕಾಗದ ಮತ್ತೆ ಮತ್ತೆ ಬರುತ್ತದೆ. ಹೆಸರು ಬೇರೆ, ಊರು ಬೇರೆ, ಒಳಗಿನ ಒಕ್ಕಣೆ ಒಂದೇ.

ಆ ಒಕ್ಕಣೆಗೆ ಕಾನೂನಿನಲ್ಲಿ ಉತ್ತರವಿದೆ, ತಿಳಿದುಕೊಳ್ಳಿ. ಕಾಯಿದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಟ್ಟವರ ಸಹಿ ಇರಬೇಕು. ಬಾಯಿಮಾತಿನ ಒಪ್ಪಿಗೆಯಿಂದ ಯಾರೂ ನಿಮ್ಮ ಹಕ್ಕಿಗೆ ಒಡೆಯರಾಗುವುದಿಲ್ಲ. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ಎಷ್ಟು ರಾಯಲ್ಟಿ ಎಂದು ಬಿಡಿಸಿ ಬರೆದಿರಬೇಕು. ವರ್ಷ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಇಟ್ಟುಕೊಂಡರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. "ಎಲ್ಲ ಹಾಡೂ" ಎಂದು ಗುಂಡಗೆ ಬರೆದು, ಒಂದು ಹಾಡಿನ ಹೆಸರನ್ನೂ ಹೇಳದ ಕರಾರನ್ನು ಪ್ರಶ್ನಿಸಲು ಇಲ್ಲಿ ಜಾಗವಿದೆ.

ಕ್ಯಾಸೆಟ್ ಕಾಲದ ಹಿರಿಯರು ಇದನ್ನು ಗಮನವಿಟ್ಟು ಕೇಳಿ. ಕರಾರು ಮಾಡಿಕೊಂಡಾಗ ಇರದಿದ್ದ ಮಾಧ್ಯಮಕ್ಕೆ, ಆ ಕರಾರಿನಲ್ಲಿ ಅದರ ಹೆಸರು ಹೇಳಿರದಿದ್ದರೆ, ವರ್ಗಾವಣೆ ಅನ್ವಯವಾಗದು ಎಂದು 2012ರ ತಿದ್ದುಪಡಿ ಹೇಳಿತು. ಕ್ಯಾಸೆಟ್ಟಿಗೆಂದು ಒಂದೇ ಸಲ ಕೈಗೆ ಬಂದ ಹಣ ಯೂಟ್ಯೂಬಿಗೂ ಸಂದಾಯವಾಯಿತೇ ಎಂಬುದು ಕೇಳಬೇಕಾದ ಪ್ರಶ್ನೆ. 2012ಕ್ಕಿಂತ ಹಳೆಯ ಕರಾರುಗಳಿಗೆ ಇದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ವಾದ ಕೋರ್ಟುಗಳಲ್ಲಿ ನಡೆದಿದೆ. ಆದ್ದರಿಂದ ಗೆದ್ದೇ ಗೆಲ್ಲುತ್ತೀರಿ ಎಂದು ನಾವು ಹೇಳುವುದಿಲ್ಲ. ಹಳೆಯ ಕಾಗದಗಳನ್ನು ಒಲೆಗೆ ಹಾಕಬೇಡಿ, ರದ್ದಿಗೆ ಕೊಡಬೇಡಿ. ಹುಡುಕಿ ತೆಗೆದು ವಕೀಲರಿಗೆ ತೋರಿಸಿ.

ವಿಡಿಯೊ ವಿಚಾರ ಸ್ವಲ್ಪ ಸೂಕ್ಷ್ಮ. ಕಾಯಿದೆಯ ಕಣ್ಣಿಗೆ ದೃಶ್ಯ ಹಿಡಿದದ್ದೆಲ್ಲ ಸಿನಿಮಾ ಇದ್ದಂತೆ, ಜಾತ್ರೆಯಲ್ಲಿ ಚಾನೆಲ್‌ಗೆಂದು ತೆಗೆದ ವಿಡಿಯೊ ಕೂಡ. ಬರಹದಲ್ಲಿ ಒಪ್ಪಿಗೆ ಕೊಟ್ಟು ವಿಡಿಯೊದಲ್ಲಿ ಹಾಡಿದ ಮೇಲೆ, ಆ ವಿಡಿಯೊವನ್ನು ಅವರು ಬಳಸುವುದಕ್ಕೆ ನೀವು ಅಡ್ಡಬರಲಾಗದು, ಕರಾರಿನಲ್ಲಿ ಬೇರೆ ಬರೆಸಿಕೊಂಡಿದ್ದರೆ ಮಾತ್ರ ಸಾಧ್ಯ. ಆದರೆ ಅದೇ ಕಲಂ, 38ಎ, ಕೊನೆಗೊಂದು ಮಾತು ಸೇರಿಸಿದೆ: ವಾಣಿಜ್ಯ ಬಳಕೆಯಾದರೆ ಪ್ರದರ್ಶಕರಿಗೆ ರಾಯಲ್ಟಿ ಸಲ್ಲಬೇಕು. ಜಾಹೀರಾತಿನ ಹಣ ಬರುವ ಚಾನೆಲ್ ವಾಣಿಜ್ಯವಲ್ಲದೆ ಮತ್ತೇನು? "ಒಂದು ಸಲ ಕೊಟ್ಟಾಯಿತಲ್ಲ" ಎನ್ನುವವರ ಮುಂದೆ ಈ ಸಾಲನ್ನು ಓದಿ.

ಹೊಸ ಹಾಡು ಬರೆಯುವ ಉತ್ತರ ಕರ್ನಾಟಕದ ತಮ್ಮಂದಿರೇ, ನಿಮ್ಮ ವಿಷಯ ಇನ್ನೂ ಗಟ್ಟಿ. ನೀವು ಬರೆದದ್ದು ನಿಮ್ಮದೇ ಕೃತಿ, ರಾಗ ಕಟ್ಟಿದವರದು ಅವರದೇ ಕೃತಿ. ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಧ್ವನಿಮುದ್ರಿಕೆಯ ಒಡೆಯರು ಬೇರೆಯಾದರೂ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿಯ ಪಾಲನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ನೀವೇ ಸಹಿ ಹಾಕಿ ಬಿಟ್ಟುಕೊಟ್ಟಿದ್ದರೂ ನಿಲ್ಲುವುದಿಲ್ಲ. ಬರೆಯುವವರು, ರಾಗ ಹಾಕುವವರು ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ. ಗಾಯಕರಿಗೆ, ವಾದ್ಯಗಾರರಿಗೆ ಇಸಾಮ್ರಾ ಇದೆ. ಇವು ಸರ್ಕಾರದಲ್ಲಿ ನೋಂದಾಯಿತವಾಗಿ ಹಣ ವಸೂಲು ಮಾಡಿ ಹಂಚುವ ಸಂಘಗಳು. ನಮ್ಮ ಕನ್ನಡದ ಹಳ್ಳಿ ಕಲಾವಿದರು ಅಲ್ಲಿ ಇನ್ನೂ ಹೆಚ್ಚಾಗಿ ಹೋಗಿ ಕೂರಬೇಕು.

ಯಾರ ಹಾಡು ಹಾಡಬಹುದು

ಕ್ಲೇಮಿನ ಭಯಕ್ಕೆ ಹಾಡುವುದನ್ನೇ ಬಿಟ್ಟವರಿದ್ದಾರೆ. ಅವರಿಗೆ ಧೈರ್ಯ ಹೇಳಬೇಕು. ಬಸವಣ್ಣ, ಅಕ್ಕಮಹಾದೇವಿಯರ ವಚನ, ಪುರಂದರದಾಸರ, ಕನಕದಾಸರ ಕೀರ್ತನೆ ಎಲ್ಲರವು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದದ ಮೇಲೆ ಇವತ್ತು ಯಾವ ಕಂಪನಿಗೂ ಹಕ್ಕಿಲ್ಲ. ಬಿಎಂಶ್ರೀ, ಕೈಲಾಸಂ ಇಬ್ಬರೂ 1946ರಲ್ಲಿ ಹೋದರು, ಅವರ ಬರಹ 2007ರಿಂದ ಮುಕ್ತ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಕವಿತೆಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ.

ಒಂದು ಎಚ್ಚರಿಕೆ. ಶರೀಫರ ಪದ ಮುಕ್ತವಾದರೂ, ಅದಕ್ಕೆ ಇತ್ತೀಚೆಗೆ ಒಬ್ಬರು ಹೊಸದಾಗಿ ರಾಗ ಕಟ್ಟಿದ್ದರೆ ಆ ರಾಗ ಅವರದು. ಒಂದು ಕಂಪನಿ ಮುದ್ರಿಸಿದ ಟ್ರ್ಯಾಕ್ ಹಾಕಿಕೊಂಡು ಅದರ ಮೇಲೆ ಹಾಡಿದರೆ ಆ ಟ್ರ್ಯಾಕು ಕಂಪನಿಯದು, ಧ್ವನಿಮುದ್ರಿಕೆಗೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಇದೆ. ನಿಮ್ಮ ಹಾರ್ಮೋನಿಯಂ, ನಿಮ್ಮ ತಬಲಾ, ನಿಮ್ಮ ದನಿ, ಗುರುಗಳಿಂದ ಬಂದ ಮಟ್ಟು ಇದ್ದರೆ ಯಾರ ಹಂಗೂ ಇಲ್ಲ.

ಹಾಗಿದ್ದೂ ಕ್ಲೇಮು ಬಂದರೆ ಹೆದರಿ ವಿಡಿಯೊ ಅಳಿಸಬೇಡಿ. ಯೂಟ್ಯೂಬಿನಲ್ಲಿ ಹಾಡುಗಳನ್ನು ಹೋಲಿಸಿ ನೋಡುವುದು ಯಂತ್ರ. ಮಟ್ಟು ಹೋಲಿದರೆ ಸಾಕು, ಅದಕ್ಕೆ ಸಂಪ್ರದಾಯ ಯಾವುದು, ಸ್ವಂತದ್ದು ಯಾವುದು ತಿಳಿಯುವುದಿಲ್ಲ. ಕ್ಲೇಮಿನ ಕೆಳಗೇ ತಕರಾರು ಸಲ್ಲಿಸಲು ಜಾಗವಿದೆ. ಇದು ಸಾಂಪ್ರದಾಯಿಕ ಪದ, ಹಾಡಿದ್ದು ನಾನು, ರೆಕಾರ್ಡ್ ಮಾಡಿದ್ದು ನಾವು ಎಂದು ನೇರವಾಗಿ ಬರೆಯಿರಿ. ಐದು ದಿನದೊಳಗೆ ಬರೆದರೆ ಕ್ಲೇಮು ಬಿದ್ದ ಮೊದಲ ದಿನದಿಂದಲೇ ಹಣವನ್ನು ಯಾರಿಗೂ ಕೊಡದೆ ತಡೆಹಿಡಿಯುತ್ತಾರೆ. ಎದುರಿನವರು 30 ದಿನದೊಳಗೆ ಉತ್ತರಿಸಬೇಕು, ಉತ್ತರಿಸದಿದ್ದರೆ ಕ್ಲೇಮು ಬಿದ್ದುಹೋಗುತ್ತದೆ. ಅವರು ಪಟ್ಟು ಹಿಡಿದರೆ ಮೇಲ್ಮನವಿ ಇದೆ. ಆ ಹಂತದಲ್ಲಿ ಅವರು ವಿಡಿಯೊ ತೆಗೆಸಿ ಸ್ಟ್ರೈಕ್ ಹಾಕಿಸಬಹುದು, 90 ದಿನದಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಮುಚ್ಚಿಹೋದೀತು. ಆದ್ದರಿಂದ ಪುರಾವೆ ಕೈಯಲ್ಲಿಟ್ಟುಕೊಂಡೇ ಮುಂದೆ ಹೋಗಿ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಎಂದೂ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಸಾಕಾಗುವುದಿಲ್ಲ.

ನಿಮ್ಮ ಹಾಡನ್ನು ಬೇರೆಯವರು ಹಾಕಿಕೊಂಡಿದ್ದರೆ? ಯೂಟ್ಯೂಬಿನಲ್ಲಿ ದೂರು ಕೊಡಲು ಒಂದು ಪೈಸೆ ಬೇಡ. ದೊಡ್ಡ ಸಾಮಾಜಿಕ ಜಾಲತಾಣಗಳೆಲ್ಲ ಭಾರತದಲ್ಲೇ ವಾಸವಿರುವ ದೂರು ಅಧಿಕಾರಿಯನ್ನು ಇಟ್ಟಿರಲೇಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಕೃತಿಯ ಒಡೆಯರು ವಿವರವಾಗಿ ಲಿಖಿತ ದೂರು ಕೊಟ್ಟರೆ 36 ಗಂಟೆಯೊಳಗೆ ಜಾಲತಾಣದವರು ಅದನ್ನು ಮರೆಮಾಡಬೇಕು, 21 ದಿನ ಹಾಗೇ ಇಡಬೇಕು. ಅಷ್ಟರೊಳಗೆ ಕೋರ್ಟಿನ ಆದೇಶ ತರಬೇಕಾದದ್ದು ನಿಮ್ಮ ಕೆಲಸ. ಹಕ್ಕು ಉಲ್ಲಂಘನೆ ಕ್ರಿಮಿನಲ್ ಅಪರಾಧವೂ ಹೌದು, ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೊದಲ ಹೆಜ್ಜೆಯೇ ಠಾಣೆಗೆ ಬೇಡ. ಎಷ್ಟೋ ಜನ ಒಂದು ನೋಟಿಸಿಗೇ ದಾರಿಗೆ ಬರುತ್ತಾರೆ.

ಕಂಪನಿಗಳು ಈ ಕಾನೂನನ್ನು ಎಷ್ಟು ಚುರುಕಾಗಿ ಬಳಸುತ್ತವೆ ನೋಡಿ. 2022ರ ನವೆಂಬರಿನಲ್ಲಿ ರಾಜಕೀಯ ಪಕ್ಷವೊಂದರ ಯಾತ್ರೆಯ ವಿಡಿಯೊಗೆ ಕೆಜಿಎಫ್-2 ಹಾಡು ಬಳಸಿದರೆಂದು ಸಂಗೀತ ಕಂಪನಿಯೊಂದು ಬೆಂಗಳೂರಿನ ಕೋರ್ಟಿಗೆ ಹೋಯಿತು. ಆ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಕೋರ್ಟು ಆದೇಶಿಸಿತು. ಮರುದಿನವೇ ಹೈಕೋರ್ಟು ಷರತ್ತು ಹಾಕಿ ಆ ಆದೇಶವನ್ನು ಬದಿಗೆ ಸರಿಸಿತು. ಯಾರದು ಸರಿ ಯಾರದು ತಪ್ಪು ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಒಂದು ಹಾಡಿಗಾಗಿ ದೇಶದ ದೊಡ್ಡ ಪಕ್ಷವನ್ನೇ ಕೋರ್ಟಿಗೆಳೆಯುವಷ್ಟು ಬಲ ಈ ಕಾಯಿದೆಗಿದೆ. ಆ ಬಲ ನಿಮಗೂ ಸೇರಿದ್ದು.

ನಮ್ಮ ಕರಾವಳಿಯ ಒಂದು ಪ್ರಕರಣವಂತೂ ಸುಪ್ರೀಂ ಕೋರ್ಟಿನವರೆಗೆ ಹೋಗಿ ಕಾನೂನು ಪುಸ್ತಕ ಸೇರಿದೆ. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ಹೊಸದಾಗಿ ಕಟ್ಟಿ, ಭೀಷ್ಮ ವಿಜಯ, ನಳ ದಮಯಂತಿ, ಅಭಿಮನ್ಯು ವಧೆ ಮೊದಲಾದ ಪ್ರಸಂಗಗಳನ್ನು ರಂಗಕ್ಕೆ ತಂದರು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ಆ ಶೈಲಿಯ ಅಭಿಮನ್ಯು ವಧೆಯ ಪ್ರಯೋಗವಾದಾಗ, ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. 2009ರ ಜನವರಿ 23ರಂದು ಸುಪ್ರೀಂ ಕೋರ್ಟ್ ಉಯಿಲಿನ ಪ್ರಕಾರವೇ ಹಕ್ಕು ಸಂದಿದೆ ಎಂದು ತೀರ್ಮಾನಿಸಿತು. ಕಾಯಿದೆಯೇ ವಿನಾಯಿತಿ ಕೊಟ್ಟ ಸಂದರ್ಭಗಳಲ್ಲಿ ಪ್ರಯೋಗ ಮಾಡಲು ಅಡ್ಡಿಯಿಲ್ಲ ಎಂದೂ ಸೇರಿಸಿತು. ಇಲ್ಲಿ ಯಕ್ಷಗಾನ ಯಾರ ಪಾಲೂ ಆಗಲಿಲ್ಲ, ಅದು ಊರಿನದಾಗಿಯೇ ಉಳಿಯಿತು. ಒಬ್ಬ ಕಲಾವಿದ ತನ್ನ ಬುದ್ಧಿಯಿಂದ ಕಟ್ಟಿದ ಭಾಗ ಮಾತ್ರ ಅವನದು ಎಂದಾಯಿತು. ಜಮೀನಿಗೆ ಉಯಿಲು ಬರೆಸುವ ಹಿರಿಯ ಭಾಗವತರೇ, ಪ್ರಸಂಗಕರ್ತರೇ, ಅದೇ ಉಯಿಲಿನಲ್ಲಿ ನಿಮ್ಮ ಹಾಡಿಗೆ, ಪ್ರಸಂಗಕ್ಕೆ ಒಂದು ಸಾಲು ಸೇರಿಸಿ.

ಈಗ ಹೊಸದೊಂದು ಅಪಾಯ ಮನೆ ಬಾಗಿಲಿಗೆ ಬಂದಿದೆ. ನಿಮ್ಮ ದನಿಯ ಒಂದು ತುಣುಕು ಸಿಕ್ಕರೆ ಸಾಕು, ಎಐ ಯಂತ್ರ ಅದೇ ದನಿಯಲ್ಲಿ ನೀವು ಎಂದೂ ಹಾಡದ ಹಾಡನ್ನು ಹಾಡುತ್ತದೆ. ಗಾಯಕ ಅರಿಜಿತ್ ಸಿಂಗ್ ಇದನ್ನು ಒಪ್ಪದೆ ಬಾಂಬೆ ಹೈಕೋರ್ಟಿಗೆ ಹೋದರು. 2024ರ ಜುಲೈನಲ್ಲಿ ಕೋರ್ಟು ಅವರ ದನಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಮುಂಬೈಯ ಗಾಯಕರಿಗೆ ವಕೀಲರಿದ್ದಾರೆ. ಕೊಳ್ಳೇಗಾಲದ ನೀಲಗಾರರಿಗೆ, ಸವದತ್ತಿಯ ಚೌಡಿಕೆಯವರಿಗೆ ಯಾರಿದ್ದಾರೆ? ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಬರೆಸಿಕೊಳ್ಳುವುದೇ ಈಗ ನಮ್ಮ ಕೈಲಿರುವ ದಾರಿ.

ಈ ಒಪ್ಪಿಗೆ ಪತ್ರವನ್ನು ಕತ್ತರಿಸಿ ಇಟ್ಟುಕೊಳ್ಳಿ. ಯಾರೇ ಕ್ಯಾಮೆರಾ ತಂದರೂ ಮೊದಲು ಇದನ್ನು ಮುಂದಿಡಿ. ಎರಡು ಪ್ರತಿ ಮಾಡಿ, ಒಂದು ನಿಮ್ಮಲ್ಲೇ ಇರಲಿ.

ಒಪ್ಪಿಗೆ ಪತ್ರ

ದಿನಾಂಕ ........ ರಂದು ........ ಊರಿನಲ್ಲಿ ನಾನು/ನಮ್ಮ ಮೇಳ ಹಾಡಿದ ........ ಎಂಬ ಪದವನ್ನು ಮಾತ್ರ ರೆಕಾರ್ಡ್ ಮಾಡಲು ........ ಇವರಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಇದನ್ನು ........ ಎಂಬ ಚಾನೆಲ್‌ನಲ್ಲಿ ........ ವರ್ಷ ಮಾತ್ರ ಬಳಸಬಹುದು. ಬೇರೆಯವರಿಗೆ ಮಾರುವಂತಿಲ್ಲ. ಹಾಡಿದವರ, ವಾದ್ಯ ನುಡಿಸಿದವರ ಮತ್ತು ಊರಿನ ಹೆಸರನ್ನು ವಿಡಿಯೊದಲ್ಲಿಯೂ ಕೆಳಗಿನ ವಿವರದಲ್ಲಿಯೂ ಹಾಕಬೇಕು. ಇವತ್ತಿನ ಸಂಭಾವನೆ ರೂ. ........ ಇದಲ್ಲದೆ ಬರುವ ಆದಾಯದಲ್ಲಿ ನೂರಕ್ಕೆ ........ ಪಾಲನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಸಮೇತ ಕೊಡಬೇಕು. ಇದೇ ಪದವನ್ನು ನಾನು ಬೇರೆ ಕಡೆ ಹಾಡಲು, ರೆಕಾರ್ಡ್ ಮಾಡಿಸಲು, ಸ್ವಂತ ಚಾನೆಲ್‌ಗೆ ಹಾಕಲು ಅಡ್ಡಿ ಇಲ್ಲ, ಅದರ ಮೇಲೆ ಕ್ಲೇಮು ಹಾಕುವಂತಿಲ್ಲ. ನನ್ನ ದನಿಯಿಂದ ಕೃತಕ ದನಿ ತಯಾರಿಸುವಂತಿಲ್ಲ. ರೆಕಾರ್ಡಿನ ಪೂರ್ತಿ ಪ್ರತಿಯನ್ನು ನನಗೆ ಕೊಡಬೇಕು. ಈ ಪತ್ರವನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ. ಓದಿ ಹೇಳಿದವರ ಸಹಿ, ಕಲಾವಿದರ ಸಹಿ, ಚಾನೆಲ್‌ನವರ ಸಹಿ, ಇಬ್ಬರು ಸಾಕ್ಷಿಗಳ ಸಹಿ.

"ಇಷ್ಟೆಲ್ಲ ಬರೆಸಿದರೆ ಯಾರೂ ಬರಲ್ಲ ಕಣಯ್ಯ" ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಒಬ್ಬರೇ ಕೇಳಿದರೆ ಬರುವುದಿಲ್ಲ, ನಿಜ. ಪಕ್ಕದೂರಿನ ಮೇಳಕ್ಕೆ ಹೋಗುತ್ತಾರೆ. ಆದ್ದರಿಂದಲೇ ಈ ಕರಪತ್ರ. ಒಂದು ತಾಲೂಕಿನ ಎಲ್ಲ ಮೇಳದವರೂ ಇದೇ ಕಾಗದವನ್ನು ಮುಂದಿಟ್ಟರೆ ಕ್ಯಾಮೆರಾದವರು ಹೋಗುವುದಾದರೂ ಎಲ್ಲಿಗೆ?

ಜಾತ್ರಾ ಸಮಿತಿಯವರೇ, ಕಾರ್ಯಕ್ರಮ ಮಾಡಿಸುವ ಸಂಘದವರೇ, ಕ್ಯಾಮೆರಾ ಬಿಡುವ ಮೊದಲು ಕಲಾವಿದರನ್ನು ಒಂದು ಮಾತು ಕೇಳಿ. ಲೈವ್ ಹಕ್ಕನ್ನು ಚಾನೆಲ್‌ಗೆ ಕೊಟ್ಟು ಹಣ ಪಡೆದಿದ್ದರೆ ಅದರಲ್ಲಿ ಮೇಳಕ್ಕೂ ಪಾಲು ಕೊಡಿ. ಚಾನೆಲ್ ನಡೆಸುವ ಯುವಕರೇ, ನಿಮ್ಮಲ್ಲಿ ಒಳ್ಳೆಯ ಕೆಲಸ ಮಾಡಿದವರಿದ್ದಾರೆ. ಊರೂರು ಅಲೆದು, ಸಾಲ ಮಾಡಿ ಕ್ಯಾಮೆರಾ ಕೊಂಡು, ಮರೆತುಹೋಗುತ್ತಿದ್ದ ಪದಗಳನ್ನು ಹಿಡಿದಿಟ್ಟಿದ್ದೀರಿ. ಆ ಶ್ರಮಕ್ಕೆ ನಿಮಗೂ ಪಾಲು ಸಲ್ಲಬೇಕು. ಪಾಲು ಎಂದರೆ ಹಂಚಿಕೊಳ್ಳುವುದು. ಇವತ್ತೇ ನಿಮ್ಮ ಹಳೆಯ ವಿಡಿಯೊಗಳಿಗೆ ಹಾಡಿದವರ ಹೆಸರು ಹಾಕಿ, ಅದಕ್ಕೇನೂ ಖರ್ಚಿಲ್ಲ. ಪ್ರೇಕ್ಷಕ ಬಂಧುಗಳೇ, ಹೆಸರಿಲ್ಲದ ವಿಡಿಯೊ ಕಂಡರೆ ಕೆಳಗೆ ಕಮೆಂಟಿನಲ್ಲಿ ಕೇಳಿ: ಹಾಡಿದವರು ಯಾರು?

ಸರ್ಕಾರಕ್ಕೂ ನಮ್ಮ ಒತ್ತಾಯವಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕರ್ನಾಟಕ ಜಾನಪದ ಅಕಾಡೆಮಿ, ಯಕ್ಷಗಾನ ಅಕಾಡೆಮಿ ಸೇರಿ ಕನ್ನಡದಲ್ಲಿ ಒಂದು ಮಾದರಿ ಕರಾರನ್ನು ಪ್ರಕಟಿಸಲಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಪ್ರತಿ ಜಿಲ್ಲೆಯಲ್ಲಿ ಕಲಾವಿದರಿಗೆ ಕಾನೂನು ಹೇಳಿಕೊಡುವ ಶಿಬಿರ ನಡೆಸಲಿ. ಸಂಶೋಧನೆಗೆಂದು ರೆಕಾರ್ಡ್ ಮಾಡಿ ಕಪಾಟಿನಲ್ಲಿಟ್ಟ ಹಾಡುಗಳ ಪಟ್ಟಿಯನ್ನು ಎಲ್ಲ ಸಂಸ್ಥೆಗಳೂ ಹೊರಗಿಡಲಿ, ಒಂದು ಪ್ರತಿಯನ್ನು ಹಾಡಿದವರ ಮನೆಗೆ ತಲುಪಿಸಲಿ. ಜಾನಪದ ಪರಂಪರೆಯನ್ನೇ ಕಾಯುವ ಅಂತರರಾಷ್ಟ್ರೀಯ ಕಾನೂನಿಗಾಗಿ ಜಿನೀವಾದಲ್ಲಿ 2001ರಿಂದ ಸಭೆಗಳು ನಡೆಯುತ್ತಲೇ ಇವೆ. ಅಲ್ಲಿ ಅದು ಮುಗಿಯುವವರೆಗೆ ಕೈಕಟ್ಟಿ ಕೂರಲು ನಮಗೆ ಪುರುಸೊತ್ತಿಲ್ಲ. ಹಾಡುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ನಿಗದಿತ ಮಿತಿಗಿಂತ ಕಡಿಮೆ ವರಮಾನ ಇರುವವರಿಗೆ ವಕೀಲರ ನೆರವು ಉಚಿತ. ಪ್ರತಿ ತಾಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ದೂರವಾಣಿ ಸಂಖ್ಯೆ 15100, ಕರೆಗೆ ಹಣವಿಲ್ಲ. ಎದುರಿನವರ ಕಂಪನಿ ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ನೀವು ಅಲ್ಲಿಗೆ ಅಲೆಯಬೇಕಿಲ್ಲ. ದಾವೆ ಹಾಕುವವರು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು ಎಂದು ಕೃತಿಸ್ವಾಮ್ಯ ಕಾಯಿದೆಯ 62ನೇ ಕಲಂ ಹೇಳುತ್ತದೆ.

ಬರುವ ಸೋಮವಾರ ಮನೆಯಲ್ಲಿರುವ ಹಳೆಯ ಕರಾರು, ರಸೀದಿ, ಕ್ಯಾಸೆಟ್ಟಿನ ಮೇಲುಹೊದಿಕೆ, ನಿಮ್ಮ ಹಾಡು ಇರುವ ವಿಡಿಯೊಗಳ ಲಿಂಕು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಿ. ಮೇಳದ ಎಲ್ಲರೂ ಒಟ್ಟಿಗೆ ಹೋಗಿ. ಈ ಕರಪತ್ರವನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು, ವಾಟ್ಸಾಪಿಗೆ ಹಾಕಬಹುದು, ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸಬಹುದು. ಅದಕ್ಕೆ ನಮ್ಮ ಪೂರ್ತಿ ಒಪ್ಪಿಗೆ ಇದೆ.